ಡೀಸೆಲ್ ಯಂತ್ರಕ್ಕೆ ಮದ್ಯಸಾರ: ಆಗುವುದೆಷ್ಟು, ಆಗದಿರುವುದೇಕೆ?

ಪೆಟ್ರೋಲಿಗೆ ಮದ್ಯಸಾರ ಬೆರೆಸುವ ವಿಚಾರ ಈಗ ಹೊಸದಲ್ಲ. 2003ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿ ಶೇಕಡ 5ರ ಪ್ರಮಾಣದಲ್ಲಿ ಮೊದಲಾದ ಈ ಕ್ರಮವು 2022ರಲ್ಲಿ ಶೇಕಡ 10ಕ್ಕೂ, 2025ರಲ್ಲಿ ಶೇಕಡ 20ಕ್ಕೂ ಬಂದು ಮುಟ್ಟಿತು. ಅಂದಿನಿಂದ ನಮ್ಮ ಸಂಘದ ಕಛೇರಿಗೆ ಬರುವ ಸದಸ್ಯ ಬಾಂಧವರಲ್ಲಿ ಹಲವರು ಒಂದೇ ಪ್ರಶ್ನೆಯನ್ನು ಕೇಳತೊಡಗಿದ್ದಾರೆ. "ಐದರಲ್ಲೊಂದು ಪಾಲು ಸ್ಪಿರಿಟ್ ಸೇರಿಸಿ ಕಾರು ಓಡಿಸಬಹುದಾದರೆ, ನಮ್ಮ ಡೀಸೆಲ್ ಪಂಪಿಗೂ ಯಾಕೆ ಸೇರಿಸಬಾರದು ಸ್ವಾಮಿ?" ಪ್ರಶ್ನೆ ನ್ಯಾಯವಾದದ್ದೇ. ಆದುದರಿಂದ ಈ ಸಂಚಿಕೆಯಲ್ಲಿ ಆ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯಬೇಕೆನಿಸಿತು.

ನಮ್ಮ ಸದಸ್ಯರ ತೋಟಗಳು ಒಂದೇ ಬಗೆಯವಲ್ಲ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆ ಕಾಫಿ ಇದೆ. ಹೊಳೆನರಸೀಪುರದ ಹೊಳೆಸಾಲಿನಲ್ಲಿ ಅಡಿಕೆ, ತೆಂಗು. ಚನ್ನರಾಯಪಟ್ಟಣದಲ್ಲಿ ತೆಂಗಿನ ನಡುವೆ ಅಡಿಕೆ ಎದ್ದಿದೆ. ಎಲ್ಲೆಡೆ ವಿದ್ಯುತ್ ಬಂದಿದೆ, ಸೌರ ಪಂಪುಗಳೂ ಬರುತ್ತಿವೆ ನಿಜ. ಆದರೂ ಡೀಸೆಲ್ ಯಂತ್ರ ನಮ್ಮ ಕೊಟ್ಟಿಗೆಯನ್ನು ಬಿಟ್ಟು ಹೋಗಿಲ್ಲ. ಹೂವಿನ ನೀರಿಗೆ ತುಂತುರು ಪಂಪು, ಕರೆಂಟು ಕೈಕೊಟ್ಟಾಗ ಪಲ್ಪರಿಗೆ ಎಂಜಿನ್, ಗದ್ದೆಗೆ ಪವರ್ ಟಿಲ್ಲರ್, ಅಡಿಕೆ ಸುಲಿಯುವ ಯಂತ್ರಕ್ಕೆ ಜನರೇಟರ್ ಇವೆಲ್ಲ ಡೀಸೆಲನ್ನೇ ನಂಬಿವೆ. ಅದರಲ್ಲಿಯೂ ರೊಬಸ್ಟ ಬೆಳೆಗಾರನಿಗೆ ಫೆಬ್ರವರಿ-ಮಾರ್ಚಿಯ ಆ ಕೆಲವು ದಿನಗಳು ಎಂಥವೆಂದು ಬಲ್ಲವರೇ ಬಲ್ಲರು. ಒಂದು, ಒಂದೂವರೆ ಅಂಗುಲ ನೀರು ಒಂದೇ ಸಮನೆ ಬಿದ್ದರೆ ಗಿಡವೆಲ್ಲ ಬೆಳ್ಳಗಾಗುತ್ತದೆ. ಅರ್ಧಕ್ಕೆ ಎಂಜಿನ್ ನಿಂತರೆ ಮೊಗ್ಗು ಅರೆಬಿರಿದು ಅಲ್ಲಿಯೇ ಒಣಗುತ್ತದೆ. ವರ್ಷದ ಫಸಲು ಒಂದು ಇಂಧನ ಪಂಪಿನ ಮೇಲೆ ನಿಂತಿರುವಾಗ, ಅದರೊಳಗೆ ಏನನ್ನು ಹಾಕುತ್ತಿದ್ದೇವೆಂಬುದನ್ನು ತಿಳಿದು ಹಾಕುವುದು ಒಳ್ಳೆಯದು.

ಮೊದಲು ಹಳೆಯ ಮಾತೊಂದನ್ನು ಹೇಳಿಬಿಡುತ್ತೇನೆ. ಮದ್ಯಸಾರದಿಂದ ಯಂತ್ರ ಓಡಿಸುವ ಆಲೋಚನೆ ನಮ್ಮ ನಾಡಿಗೆ ಹೊರಗಿನದಲ್ಲ. ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕಾಕಂಬಿಯಿಂದ ಮದ್ಯಸಾರ ತೆಗೆಯುವ ಭಟ್ಟಿಯೂ ಅದರ ಜೊತೆಗೆ ಬೆಳೆಯಿತು. ಸ್ವಾತಂತ್ರ್ಯ ಬಂದ ಮಾರನೆಯ ವರ್ಷವೇ, ಅಂದರೆ 1948ರಲ್ಲಿ, ಪೆಟ್ರೋಲಿನ ಜೊತೆ ಮದ್ಯಸಾರ ಬೆರೆಸುವ ಬಗ್ಗೆ ಕೇಂದ್ರ ಸರ್ಕಾರ ಒಂದು ಕಾಯಿದೆಯನ್ನೇ ಮಾಡಿತು. ಆ ಕಾಯಿದೆ ಹೆಚ್ಚು ಕೆಲಸ ಮಾಡದೆ ಪುಸ್ತಕದಲ್ಲಿಯೇ ಉಳಿದು 2000ದಲ್ಲಿ ರದ್ದಾಯಿತು. ಅದು ರದ್ದಾದ ಮೂರು ವರ್ಷಕ್ಕೆ ಮತ್ತೆ ಅದೇ ಕಾರ್ಯಕ್ರಮ ಬೇರೆ ಹೆಸರಿನಲ್ಲಿ ಮೊದಲಾಯಿತು! ಆದರೆ ಗಮನಿಸಬೇಕಾದುದೇನೆಂದರೆ, ಅಂದೂ ಇಂದೂ ಬೆರಕೆಯ ಮಾತು ಪೆಟ್ರೋಲಿನದೇ. ದೇಶದಲ್ಲಿ ಪೆಟ್ರೋಲಿಗಿಂತ ಡೀಸೆಲ್ ಎರಡು ಪಟ್ಟಿಗೂ ಹೆಚ್ಚು ಉರಿಯುತ್ತದೆ. ಮದ್ಯಸಾರ ಅದರೊಳಕ್ಕೆ ಹೋಗುವಂತಿದ್ದರೆ ಸರ್ಕಾರ ಸುಮ್ಮನಿರುತ್ತಿರಲಿಲ್ಲ. ಇಂದಿಗೂ ಬಂಕಿನಲ್ಲಿ ಮಾರುವ ಡೀಸೆಲಿಗೆ ಎಥನಾಲ್ ಬೆರೆಸುವ ಪದ್ಧತಿಯಿಲ್ಲ.

ಯಾಕಿಲ್ಲವೆಂದು ತಿಳಿಯಲು ಎರಡು ಯಂತ್ರಗಳ ಸ್ವಭಾವ ನೋಡಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣಕ್ಕೆ ಕಿಡಿ ಹೊತ್ತಿಸುವುದು ಸ್ಪಾರ್ಕ್ ಪ್ಲಗ್. ಕಿಡಿ ಬರುವತನಕ ಇಂಧನ ತನ್ನಷ್ಟಕ್ಕೆ ತಾನು ಹೊತ್ತಿಕೊಳ್ಳಬಾರದು, ಅದೇ ಅಲ್ಲಿ ಒಳ್ಳೆಯ ಗುಣ. ಡೀಸೆಲ್ ಎಂಜಿನ್ನಿನಲ್ಲಿ ಪ್ಲಗ್ ಎಂಬುದೇ ಇಲ್ಲ. ಬರಿಯ ಗಾಳಿಯನ್ನು ಹದಿನಾರು-ಹದಿನೇಳು ಪಟ್ಟು ಒತ್ತಿ ಹಿಡಿದಾಗ ಅದು ಕೆಂಡದಂತೆ ಕಾಯುತ್ತದೆ. ಆ ಕಾದ ಗಾಳಿಯೊಳಕ್ಕೆ ನಾಜಲ್ ಮೂಲಕ ಇಂಧನವನ್ನು ಚಿಮ್ಮಿಸಿದ ಕೂಡಲೇ ಅದು ತಾನಾಗಿ ಹೊತ್ತಿಕೊಳ್ಳಬೇಕು. ಇಲ್ಲಿ ಬೇಗ ಹೊತ್ತಿಕೊಳ್ಳುವುದೇ ಒಳ್ಳೆಯ ಗುಣ. ಈ ಗುಣವನ್ನು ಅಳೆಯುವುದಕ್ಕೆ ಸೀಟೇನ್ ಸಂಖ್ಯೆ ಎಂದು ಒಂದು ಲೆಕ್ಕವಿದೆ. ಈಗ ನಮ್ಮಲ್ಲಿ ಮಾರುವ ಡೀಸೆಲಿಗೆ ಅದು 51ಕ್ಕೆ ಕಡಿಮೆ ಇರಕೂಡದು. ಎಥನಾಲಿನದು ಸುಮಾರು 8. ಒಂದೇ ಮಾತಿನಲ್ಲಿ ಹೇಳುವುದಾದರೆ, ಪೆಟ್ರೋಲ್ ಎಂಜಿನ್ನಿಗೆ ಮದ್ಯಸಾರ ಒಗ್ಗುವುದಕ್ಕೆ ಯಾವ ಗುಣ ಕಾರಣವೋ ಅದೇ ಗುಣ ಡೀಸೆಲ್ ಎಂಜಿನ್ನಿಗೆ ಅದನ್ನು ಒಗ್ಗದಂತೆ ಮಾಡಿದೆ.

ಇಷ್ಟೇ ಆಗಿದ್ದರೆ ಏನಾದರೂ ಉಪಾಯ ಹುಡುಕಬಹುದಿತ್ತು. ಮದ್ಯಸಾರ ಆವಿಯಾಗುವಾಗ ಡೀಸೆಲಿಗಿಂತ ಮೂರು ಪಟ್ಟಿಗೂ ಹೆಚ್ಚು ಶಾಖವನ್ನು ಸುತ್ತಲಿನ ಗಾಳಿಯಿಂದ ಎಳೆದುಕೊಳ್ಳುತ್ತದೆ. ಸ್ಪಿರಿಟ್ ಕೈಗೆ ಸವರಿಕೊಂಡರೆ ತಣ್ಣಗಾಗುವುದಿಲ್ಲವೇ, ಅದೇ ಸಂಗತಿ. ಹೊತ್ತಿಕೊಳ್ಳಲು ಶಾಖ ಬೇಕಾದ ಕಡೆಯಲ್ಲಿ ಇದು ಇದ್ದ ಶಾಖವನ್ನೂ ನುಂಗುತ್ತದೆ. ಹೀಗಾಗಿ ಬೆರಕೆ ಹೆಚ್ಚಾದ ಎಂಜಿನ್ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗುವುದಿಲ್ಲ. ಆದರೂ ಇಂಧನ ತಡವಾಗಿ ಒಮ್ಮೆಲೇ ಹೊತ್ತಿ ಸುತ್ತಿಗೆ ಬಡಿದಂತೆ ಸದ್ದು ಮಾಡುತ್ತದೆ. ಆ ಸದ್ದು ಪಿಸ್ಟನ್ನಿಗೂ ಬೇರಿಂಗಿಗೂ ಬೀಳುತ್ತಿರುವ ಪೆಟ್ಟು.

ಇನ್ನು ಇಂಧನ ಪಂಪಿನ ವಿಷಯ. ನಮ್ಮ ಡೀಸೆಲ್ ಎಂಜಿನ್ನುಗಳ ಇಂಧನ ಪಂಪಿನಲ್ಲಿ ಪ್ಲಂಜರ್ ಮತ್ತು ಬ್ಯಾರೆಲ್ ಕೂದಲೆಳೆಗಿಂತಲೂ ಕಡಿಮೆ ಸಂದಿನಲ್ಲಿ ಉಜ್ಜುತ್ತಿರುತ್ತವೆ. ಅದಕ್ಕೆ ಬೇರೆ ಎಣ್ಣೆ ಯಾರೂ ಬಿಡುವುದಿಲ್ಲ, ಡೀಸೆಲೇ ಅದಕ್ಕೆ ಜಿಡ್ಡು. ಮದ್ಯಸಾರದಲ್ಲಿ ಜಿಡ್ಡೆಂಬುದಿಲ್ಲ. ಮೇಲಾಗಿ ಅದು ಗಾಳಿಯ ತೇವವನ್ನು ಹೀರಿ ನೀರು ತುಂಬಿಕೊಳ್ಳುತ್ತದೆ. ನೀರು ಸೇರಿದ ಕಡೆ ತುಕ್ಕು. ರಬ್ಬರ್ ವಾಷರುಗಳು ಉಬ್ಬುತ್ತವೆ. ಪಂಪು, ನಾಜಲ್ ಎರಡನ್ನೂ ಬದಲಾಯಿಸಿದ ಬಿಲ್ಲನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಉಳಿತಾಯದ ಮಾತು ಬೇಗ ಮರೆತುಹೋಗುತ್ತದೆ.

ಬೆರೆಯುವುದೂ ಸುಲಭವಲ್ಲ. ಕಳೆದ ಬೇಸಿಗೆಯಲ್ಲಿ ಅರಕಲಗೂಡು ಕಡೆಯ ಸದಸ್ಯರೊಬ್ಬರು ಬಂದು, ಕ್ಯಾನಿಗೆ ಇಷ್ಟೆಂದು ಸ್ಪಿರಿಟ್ ತಂದುಕೊಡುವವರು ಸಿಕ್ಕಿದ್ದಾರೆ, ಅರ್ಧಕ್ಕರ್ಧ ಬೆರೆಸಿ ಹೂವಿನ ನೀರು ಹೊಡೆಯಬಹುದೇ ಎಂದು ವಿಚಾರಿಸಿದರು. ಮಾತಿನಲ್ಲಿ ಹೇಳಿದರೆ ಅವರಿಗೆ ಸಮಾಧಾನವಾಗಲಾರದೆಂದು ಔಷಧಿಯಂಗಡಿಯಿಂದ ಸ್ವಲ್ಪ ಸ್ಪಿರಿಟ್ ತರಿಸಿ, ಒಂದು ಗಾಜಿನ ಸೀಸೆಯಲ್ಲಿ ಡೀಸೆಲ್ ಜೊತೆ ಹಾಕಿ ಕುಲುಕಿ ಕಿಟಕಿಯಲ್ಲಿಟ್ಟೆವು. ಅವರು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಸೀಸೆಯಲ್ಲಿ ಎರಡು ಪದರ ಬಂದಿತ್ತು. ಮೇಲೆ ತಿಳಿಯಾದ ಸ್ಪಿರಿಟ್, ಕೆಳಗೆ ಹಳದಿ ಡೀಸೆಲ್. "ಅಂದರೆ ಟ್ಯಾಂಕಿನಲ್ಲಿ ಮೊದಲು ಡೀಸೆಲ್ ಮುಗಿದು ಆಮೇಲೆ ಬರಿಯ ಸ್ಪಿರಿಟ್ ಹೋಗುತ್ತದೆ" ಎಂದು ಅವರೇ ಅಂದರು. ಹೆಚ್ಚು ವಿವರಿಸುವ ಅಗತ್ಯ ಬೀಳಲಿಲ್ಲ. ಸಾಮಾನ್ಯ ಭಟ್ಟಿಯ ಸ್ಪಿರಿಟಿನಲ್ಲಿ ಶೇಕಡ 5ರ ಆಸುಪಾಸು ನೀರು ಉಳಿದೇ ಇರುತ್ತದೆ. ಅದನ್ನು ತೆಗೆಯಲು ಬೇರೆ ಘಟಕವೇ ಬೇಕು. ನೀರಿಲ್ಲದ ಮದ್ಯಸಾರವೂ ಚಳಿ ಬಿದ್ದಾಗ, ತೇವ ತಗುಲಿದಾಗ ಡೀಸೆಲಿನಿಂದ ಬೇರೆಯಾಗುತ್ತದೆ. ಕೂಡಿರಬೇಕಾದರೆ ಮೂರನೆಯ ಒಂದು ದ್ರವ್ಯ ಸೇರಿಸಬೇಕು.

ಬೆಂಕಿಯ ಅಪಾಯವನ್ನು ಮಾತ್ರ ಎಷ್ಟು ಒತ್ತಿ ಹೇಳಿದರೂ ಸಾಲದು. ಡೀಸೆಲ್ ಕ್ಯಾನನ್ನು ಪಂಪ್ ಮನೆಯ ಮೂಲೆಯಲ್ಲಿಟ್ಟು ಪಕ್ಕದಲ್ಲಿ ಬೀಡಿ ಸೇದುವವರನ್ನು ನಾನೂ ನೋಡಿದ್ದೇನೆ, ನೀವೂ ನೋಡಿದ್ದೀರಿ. ಡೀಸೆಲಿನ ಆವಿ ಕಿಡಿ ತಗುಲಿ ಹೊತ್ತಿಕೊಳ್ಳಲು ಕನಿಷ್ಠ 35 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಆದ್ದರಿಂದ ಇಷ್ಟು ದಿನ ಬಚಾವಾಗಿದ್ದೇವೆ. ಎಥನಾಲಿಗೆ 13 ಡಿಗ್ರಿ ಸಾಕು. ಅಂದರೆ ನಮ್ಮ ಜಿಲ್ಲೆಯಲ್ಲಿ ಮಾಗಿಯ ನಸುಕನ್ನು ಬಿಟ್ಟರೆ ವರ್ಷದ ಮಿಕ್ಕೆಲ್ಲ ಹೊತ್ತಿನಲ್ಲಿಯೂ ಅದು ಸಿದ್ಧವಾಗಿಯೇ ಇರುತ್ತದೆ. ಡೀಸೆಲಿಗೆ ಸ್ವಲ್ಪವೇ ಬೆರೆಸಿದರೂ ಇಡೀ ಕ್ಯಾನು ಆ ಸ್ವಭಾವವನ್ನು ಪಡೆಯುತ್ತದೆ. ಅದರ ಉರಿ ಹಗಲಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಜೊತೆಗೆ ಅಬಕಾರಿ ಕಾಯಿದೆಯ ಮಾತಿದೆ. ಪರವಾನಗಿಯಿಲ್ಲದೆ ಸ್ಪಿರಿಟನ್ನು ಕ್ಯಾನಿನಲ್ಲಿ ತರುವುದಾಗಲಿ, ಮನೆಯಲ್ಲಿ ಭಟ್ಟಿ ಇಳಿಸುವುದಾಗಲಿ ಅಪರಾಧ. ಪಂಪಿಗೆಂದು ತಂದದ್ದೆಂಬ ಉತ್ತರ ಅಲ್ಲಿ ನಡೆಯುವುದಿಲ್ಲ.

ಖರ್ಚಿನ ಲೆಕ್ಕ

ಇಷ್ಟೆಲ್ಲ ತೊಡಕಿದ್ದರೂ ಅಗ್ಗವಾಗುವುದಾದರೆ ನೋಡೋಣವೆನ್ನುವವರಿಗೆ ಒಂದು ಲೆಕ್ಕ. ಒಂದು ಲೀಟರ್ ಡೀಸೆಲಿನಲ್ಲಿರುವ ಶಕ್ತಿ ಪಡೆಯಲು ಸುಮಾರು 1.7 ಲೀಟರ್ ಎಥನಾಲ್ ಬೇಕು. 2024-25ರ ಸಾಲಿಗೆ ತೈಲ ಕಂಪನಿಗಳು ಕಾರ್ಖಾನೆಗಳಿಂದ ಕೊಳ್ಳುವ ದರವನ್ನು ಸರ್ಕಾರ ಗೊತ್ತುಮಾಡಿತ್ತು: ಕೊನೆಯ ಕಾಕಂಬಿಯಿಂದ ತೆಗೆದದ್ದಕ್ಕೆ ಲೀಟರಿಗೆ 57 ರೂ. 97 ಪೈಸೆ, ಕಬ್ಬಿನ ಹಾಲಿನಿಂದ ನೇರವಾಗಿ ತೆಗೆದದ್ದಕ್ಕೆ 65 ರೂ. 61 ಪೈಸೆ. ಇವುಗಳನ್ನು 1.7ರಿಂದ ಗುಣಿಸಿದರೆ ಮೊದಲನೆಯದು 98 ರೂ. 50 ಪೈಸೆಯಷ್ಟು, ಎರಡನೆಯದು 111 ರೂ. 50 ಪೈಸೆಯಷ್ಟು ಆಗುತ್ತದೆ. ಇದು ಕಾರ್ಖಾನೆಯ ಬಾಗಿಲಿನ ದರ, ತೆರಿಗೆ ಸಾಗಾಣಿಕೆ ಬೇರೆ. 2025ರಲ್ಲಿ ನಮ್ಮ ರಾಜ್ಯದ ಬಂಕಿನಲ್ಲಿ ಎಲ್ಲ ತೆರಿಗೆಯೂ ಸೇರಿ ಡೀಸೆಲ್ 90 ರೂಪಾಯಿ ಆಸುಪಾಸಿನಲ್ಲಿತ್ತು. ಯಾರಾದರೂ ಇದಕ್ಕಿಂತ ಬಹಳ ಅಗ್ಗವಾಗಿ ಸ್ಪಿರಿಟ್ ಕೊಡುತ್ತೇವೆಂದರೆ ಅದು ಎಲ್ಲಿಂದ ಬಂತು, ಅದರಲ್ಲಿ ನೀರೆಷ್ಟಿದೆ ಎಂದು ಕೇಳುವುದು ಲೇಸು.

ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿರುವ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕುವವರು ನಮ್ಮಲ್ಲಿಯೂ ಇದ್ದಾರೆ. ಅವರಿಗೆ ಎಥನಾಲ್ ಎಂದರೆ ಬೇರೆಯೇ ಅರ್ಥ. ಒಂದು ಟನ್ ಕಬ್ಬಿನ ಕೊನೆಯ ಕಾಕಂಬಿಯಿಂದ ಹತ್ತು ಲೀಟರಿನಷ್ಟು, ಹಾಲನ್ನೇ ಹುಳಿಯಿಸಿದರೆ ಎಪ್ಪತ್ತು ಲೀಟರಿನಷ್ಟು ಮದ್ಯಸಾರ ಬರುತ್ತದೆ. ಅದು ಪೆಟ್ರೋಲಿಗೆ ಹೋದಾಗಲೂ ಕಬ್ಬಿನವನಿಗೆ ಬೆಲೆ ಬಂದೇ ಬರುತ್ತದೆ. ಅದಕ್ಕಾಗಿ ನಮ್ಮ ಡೀಸೆಲ್ ಎಂಜಿನ್ ಹಾಳಾಗಬೇಕಾದ ಅವಶ್ಯಕತೆಯಿಲ್ಲ.

ಮಾಡಿ ನೋಡಿದವರು

ಹಾಗಾದರೆ ಯಾರೂ ಮಾಡಿಯೇ ಇಲ್ಲವೇ? ಮಾಡಿದ್ದಾರೆ. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ರಾಜ್ಯ ರಸ್ತೆ ಸಾರಿಗೆ ನಿಗಮವೇ ಕೆಲವು ಬಸ್ಸುಗಳಲ್ಲಿ ಶೇಕಡ 7.7ರಷ್ಟು ಎಥನಾಲ್ ಬೆರೆಸಿದ ಡೀಸೆಲನ್ನು, ಕೂಡಿಸುವ ದ್ರವ್ಯವನ್ನೂ ಸೇರಿಸಿ, ಬಳಸಿ ನೋಡಿತು. ಎಥನಾಲಿನ ತೂಕದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಆಮ್ಲಜನಕವೇ ಇರುವುದರಿಂದ ಇಂಥ ಬೆರಕೆಯಲ್ಲಿ ಕಪ್ಪು ಹೊಗೆ ಕಡಿಮೆಯಾಗುತ್ತದೆ. ಊರೊಳಗಿನ ಬಸ್ಸಿಗೆ ಅದೊಂದು ದೊಡ್ಡ ಲಾಭವೇ. ಆದರೆ ಇದು ಡಿಪೋದಲ್ಲಿ ಅಳತೆ ಮಾಡಿ ಬೆರೆಸಿ, ಮೆಕ್ಯಾನಿಕ್ಕುಗಳು ದಿನವೂ ನೋಡುವ ಕಡೆ ಆಗುವ ಕೆಲಸ.

ಸ್ವೀಡನ್ನಿನವರು ಇನ್ನೂ ಮುಂದೆ ಹೋದರು. ಅಲ್ಲಿನ ಸ್ಕ್ಯಾನಿಯಾ ಕಂಪನಿ ಡೀಸೆಲ್ ಎಂಜಿನ್ನಿನ ಒತ್ತಡವನ್ನು 28 ಪಟ್ಟಿಗೆ ಏರಿಸಿ, ಶೇಕಡ 95ರಷ್ಟು ಎಥನಾಲಿಗೆ ಹೊತ್ತಿಕೊಳ್ಳುವ ಗುಣ ಕೊಡುವ ದ್ರವ್ಯವನ್ನು ಸೇರಿಸಿ ಸ್ಟಾಕ್‌ಹೋಮ್ ನಗರದಲ್ಲಿ ಬಸ್ಸುಗಳನ್ನು ಹಲವು ವರ್ಷ ಓಡಿಸಿತು. 2014ರಲ್ಲಿ ಅದೇ ಬಗೆಯ ಬಸ್ಸು ನಾಗಪುರಕ್ಕೂ ಬಂದಿತ್ತು. ಇಂಧನವನ್ನು ಎಂಜಿನ್ನಿಗೆ ಒಗ್ಗಿಸುವ ಬದಲು ಎಂಜಿನ್ನನ್ನೇ ಇಂಧನಕ್ಕಾಗಿ ಹೊಸದಾಗಿ ಕಟ್ಟಿದರು ಎನ್ನಬೇಕು.

ಮೂರನೆಯ ದಾರಿಯೊಂದುಂಟು. ಮದ್ಯಸಾರವನ್ನು ಟ್ಯಾಂಕಿಗೆ ಹಾಕದೆ, ಗಾಳಿ ಎಳೆಯುವ ಕೊಳವೆಯಲ್ಲಿ ಆವಿಯಾಗಿ ಬಿಟ್ಟು, ನಾಜಲಿನಿಂದ ಸ್ವಲ್ಪ ಡೀಸೆಲನ್ನು ಬತ್ತಿಯಂತೆ ಚಿಮ್ಮಿಸಿ ಎರಡನ್ನೂ ಉರಿಸುವುದು. ಪ್ರಯೋಗಶಾಲೆಯಲ್ಲಿ ಹೀಗೆ ಡೀಸೆಲಿನ ಅರ್ಧದವರೆಗೂ ಉಳಿಸಿದವರಿದ್ದಾರೆ. ಈ ಎರಡು ಇಂಧನದ ಉಪಾಯ ನಮ್ಮ ನೆರೆಯಲ್ಲಿಯೇ ಬೇರೊಂದು ರೂಪದಲ್ಲಿ ನಡೆದದ್ದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದವರು 1980ರ ದಶಕದ ಕೊನೆಯಲ್ಲಿ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಸೌದೆಯಿಂದ ಅನಿಲ ಮಾಡಿ, ಅದನ್ನು ಡೀಸೆಲ್ ಎಂಜಿನ್ನಿನ ಗಾಳಿಯ ಜೊತೆ ಬಿಟ್ಟು, ಊರಿಗೆ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ನಡೆಸಿದರು. ಗೋಬರ್ ಅನಿಲವನ್ನೂ ಇದೇ ರೀತಿ ಬಳಸಬಹುದು. ಕಾಫಿ ಪಲ್ಪಿನ ಸಿಹಿ ನೀರಿನಿಂದ ಮದ್ಯಸಾರ ತೆಗೆಯಬಹುದಲ್ಲವೇ ಎಂದು ಕೇಳುವವರಿಗೂ ಉತ್ತರ ಇಲ್ಲಿಯೇ ಇದೆ: ಆ ನೀರಿನಲ್ಲಿ ಸಕ್ಕರೆ ತೀರ ತೆಳು, ಭಟ್ಟಿ ಇಳಿಸಲು ಉರಿಸುವ ಸೌದೆಯೇ ಜಾಸ್ತಿಯಾದೀತು. ಅದೇ ನೀರನ್ನು ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಯಿಸಿ ಅನಿಲ ಪಡೆಯುವ ಘಟಕಗಳು ನಮ್ಮ ಮಲೆನಾಡಿನ ಕೆಲವು ತೋಟಗಳಲ್ಲಿ ನಡೆದಿವೆ. ಹಳ್ಳಕ್ಕೆ ಹೋಗುವ ಕೊಳೆಯೂ ಅದರಿಂದ ಕಡಿಮೆಯಾಗುತ್ತದೆ.

2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿಯವರು, ಡೀಸೆಲಿಗೆ ಎಥನಾಲ್ ಬೆರೆಸುವ ಪ್ರಯತ್ನ ಫಲಿಸಲಿಲ್ಲವೆಂದೂ, ಬದಲಿಗೆ ಶೇಕಡ 10ರಷ್ಟು ಐಸೊಬ್ಯುಟನಾಲ್ ಬೆರೆಸುವ ಬಗ್ಗೆ ಪುಣೆಯ ವಾಹನ ಸಂಶೋಧನಾ ಸಂಸ್ಥೆ ಪರಿಶೀಲಿಸುತ್ತಿದೆಯೆಂದೂ ಹೇಳಿದರು. ಇದೂ ಮದ್ಯಸಾರದ ದಾಯಾದಿಯೇ. ಆದರೆ ಡೀಸೆಲಿನಲ್ಲಿ ಹೆಚ್ಚು ಸುಲಭವಾಗಿ ಕರಗುತ್ತದೆ, ನೀರನ್ನು ಅಷ್ಟಾಗಿ ಎಳೆದುಕೊಳ್ಳುವುದಿಲ್ಲ, ಶಕ್ತಿಯೂ ಎಥನಾಲಿಗಿಂತ ಹೆಚ್ಚು. ಬಂಕಿಗೆ ಬಂದ ದಿನ ಅದರ ವಿಚಾರ ನೋಡೋಣ.

ಮಡೆನೂರಿನ ಪಾಠ

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯಕ್ಕೆ ಬರುತ್ತೇನೆ. ಮದ್ಯಸಾರಕ್ಕೆ ಡೀಸೆಲ್ ಎಂಜಿನ್ನಿನ ಮನೆಯಲ್ಲಿ ಒಂದು ಸರಿಯಾದ ಜಾಗವಿದೆ. ಆದರೆ ಅದು ಟ್ಯಾಂಕಿನಲ್ಲಲ್ಲ, ಅದಕ್ಕೂ ಹಿಂದೆ, ಎಣ್ಣೆಯನ್ನು ಹದ ಮಾಡುವ ಪಾತ್ರೆಯಲ್ಲಿ.

ಡೀಸೆಲ್ ಎಂಜಿನ್ನಿಗೆ ಮದ್ಯಸಾರ ಹೊರಗಿನದಾದರೆ ಗಿಡಮರದ ಎಣ್ಣೆ ಒಳಗಿನದು. 1900ರಲ್ಲಿ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ರುಡಾಲ್ಫ್ ಡೀಸೆಲ್ ಸಾಹೇಬರೇ ಮುಂದೆ ಅದನ್ನು ನೆನಪಿಸಿಕೊಂಡಿದ್ದಾರೆ. ನಮ್ಮಲ್ಲಿ ಹೊಂಗೆ ಎಣ್ಣೆಯ ದೀಪದಲ್ಲಿ ಓದಿದ ಅಜ್ಜಂದಿರ ಕಥೆ ಎಲ್ಲ ಮನೆಯಲ್ಲೂ ಇದೆ. ಭಾರತೀಯ ವಿಜ್ಞಾನ ಮಂದಿರದ ಪ್ರೊ. ಉಡುಪಿ ಶ್ರೀನಿವಾಸ ಅವರು 2000ದ ಸುಮಾರಿಗೆ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ಹಳ್ಳಿಯ ಕೊಳವೆ ಬಾವಿಗಳಿಂದ ನೀರೆತ್ತಿಸಿದಾಗ ಹಲವರಿಗೆ ಆಶ್ಚರ್ಯವಾಯಿತು. ದಾಂಡೇಲಿಯ ಕಾರ್ಖಾನೆಯೊಂದರ ಜನರೇಟರುಗಳೂ ಅದೇ ಕಾಲದಲ್ಲಿ ಹೊಂಗೆ ಎಣ್ಣೆಯಿಂದ ನಡೆದವು.

ಹಸಿ ಎಣ್ಣೆಯಲ್ಲಿ ಒಂದು ತೊಂದರೆಯಿದೆ. ಅದು ಡೀಸೆಲಿಗಿಂತ ಸುಮಾರು ಹತ್ತು ಪಟ್ಟು ಮಂದ. ಕೆಲವು ದಿನ ಚೆನ್ನಾಗಿಯೇ ಓಡುತ್ತದೆ, ಆಮೇಲೆ ನಾಜಲಿನ ಬಾಯಿಗೆ ಮಸಿ ಕಟ್ಟಿ, ಉಂಗುರಗಳು ಅಂಟಿ, ಎಂಜಿನ್ ಆಯಿಲ್ ಗಟ್ಟಿಯಾಗುತ್ತದೆ. ಇಲ್ಲಿಯೇ ಮದ್ಯಸಾರ ಉಪಯೋಗಕ್ಕೆ ಬರುವುದು. ಎಣ್ಣೆಗೆ ಅದರ ಐದನೆಯ ಒಂದು ಪಾಲಿನಷ್ಟು ಮೆಥನಾಲ್ ಎಂಬ ಮದ್ಯಸಾರವನ್ನೂ ಸ್ವಲ್ಪ ಕ್ಷಾರವನ್ನೂ ಸೇರಿಸಿ, 60 ಡಿಗ್ರಿ ಆಸುಪಾಸಿನ ಶಾಖದಲ್ಲಿ ಒಂದೆರಡು ಗಂಟೆ ಕಲಕಿದರೆ ಎಣ್ಣೆ ಒಡೆದು ಗ್ಲಿಸರಿನ್ ಕೆಳಗಿಳಿಯುತ್ತದೆ. ಮೇಲೆ ನಿಲ್ಲುವುದೇ ಜೈವಿಕ ಡೀಸೆಲ್. ತೆಳ್ಳಗೆ, ಡೀಸೆಲಿನಷ್ಟೇ ಬೇಗ ಹೊತ್ತಿಕೊಳ್ಳುವಂತೆ, ಆದರೆ ಡೀಸೆಲಿಗಿಂತ ಹೆಚ್ಚು ಜಿಡ್ಡಾಗಿರುತ್ತದೆ. ಕ್ಯಾನಿಗೆ ಬೆಂಕಿ ತಗುಲುವ ಭಯ ಡೀಸೆಲಿಗಿಂತಲೂ ಕಡಿಮೆ. ಮದ್ಯಸಾರದ ಹೆಚ್ಚಿನ ದೋಷಗಳು ಎಣ್ಣೆಯೊಡನೆ ಕೂಡಿದ ಮೇಲೆ ಹೋಗಿಬಿಡುತ್ತವೆ.

ಈ ಕೆಲಸ ನಮ್ಮ ಹಾಸನದಲ್ಲಿಯೇ ಆಗಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು 2007ರಲ್ಲಿ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಆರಂಭಿಸಿತು. ಡಾ. ಬಾಲಕೃಷ್ಣ ಗೌಡರ ಮುಂದಾಳುತನದಲ್ಲಿ ಅಲ್ಲಿ ಹೊಂಗೆ, ಹಿಪ್ಪೆ, ಬೇವು, ಸೀಮರೂಬ ಸಸಿಗಳನ್ನು ಬೆಳೆಸಿ ರೈತರಿಗೆ ಕೊಟ್ಟರು. ಹಳ್ಳಿಗಳಲ್ಲಿ ಬೆಳೆಗಾರರ ಗುಂಪುಗಳನ್ನು ಮಾಡಿದರು. ಎಣ್ಣೆ ತೆಗೆದು ಜೈವಿಕ ಡೀಸೆಲ್ ಮಾಡುವುದನ್ನು ಕಣ್ಣಾರೆ ತೋರಿಸಿದರು. ಅವರ ವಿಚಾರದಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು ಒಂದು. ಹೊಲ ಗದ್ದೆಯನ್ನು ಬಿಟ್ಟು ಇಂಧನದ ಗಿಡ ಹಾಕಿ ಎಂದು ಅವರು ಹೇಳಲಿಲ್ಲ. ಬದು, ಬೇಲಿ, ಕಟ್ಟೆಯ ಅಂಚು, ಹಾಳುಬಿದ್ದ ಜಾಗ ಸಾಕೆಂದರು. 2009ರಲ್ಲಿ ರಾಜ್ಯ ಸರ್ಕಾರ ಜೈವಿಕ ಇಂಧನ ನೀತಿಯನ್ನೇ ಹೊರಡಿಸಿತು. ಬರಡು ಬಂಗಾರ, ಹಸಿರು ಹೊನ್ನು ಎಂಬ ಚಂದದ ಹೆಸರಿನ ಯೋಜನೆಗಳೂ ಬಂದವು. ಹೆಸರಿನಷ್ಟು ಬಂಗಾರ ಬರಲಿಲ್ಲವೆಂಬುದು ನನ್ನ ಅಭಿಪ್ರಾಯ. ಕಾರಣ ತಾಂತ್ರಿಕವಲ್ಲ, ಬೀಜ ಆರಿಸುವ ಕೂಲಿ. ಅಡಿಕೆ ಕೊಯ್ಲಿಗೇ ಆಳು ಸಿಗದ ಕಾಲದಲ್ಲಿ ಮರದ ಕೆಳಗೆ ಬಗ್ಗಿ ಹೊಂಗೆ ಕಾಯಿ ಆರಿಸುವವರು ಯಾರು?

ಆದುದರಿಂದ ಸ್ವಂತ ಬಳಕೆಯ ಮಟ್ಟಿಗೆ ಲೆಕ್ಕ ಹಾಕಿ ನೋಡಿ. ಐದು ಅಶ್ವಶಕ್ತಿಯ ಎಂಜಿನ್ ತುಂಬು ಹೊರೆಯಲ್ಲಿ ಗಂಟೆಗೆ ಒಂದು ಲೀಟರಿನಷ್ಟು ಇಂಧನ ಕುಡಿಯುತ್ತದೆ. ವರ್ಷಕ್ಕೆ ನೂರು ಗಂಟೆ ಓಡಿಸುವವರಿಗೆ ನೂರು ಲೀಟರ್. ಗಾಣದಲ್ಲಿ ನಾಲ್ಕು ಕೆ.ಜಿ. ಹೊಂಗೆ ಬೀಜಕ್ಕೆ ಒಂದು ಲೀಟರ್ ಎಣ್ಣೆ ಬಂದೀತು. ಅಂದರೆ 400 ಕೆ.ಜಿ. ಬೀಜ; ಬಲಿತ ಮರಕ್ಕೆ 20 ಕೆ.ಜಿ. ಎಂದು ಹಿಡಿದರೆ ಇಪ್ಪತ್ತು ಮರ. ಬೇಲಿಯಲ್ಲಿ ಇಪ್ಪತ್ತು ಹೊಂಗೆ ನಿಲ್ಲಿಸಲಾರದ ತೋಟ ನಮ್ಮ ಸದಸ್ಯರಲ್ಲಿ ಎಷ್ಟಿದೆ? ಸಸಿ ಫಲಕ್ಕೆ ಬರಲು ಐದಾರು ವರ್ಷ ಕಾಯಬೇಕು, ಅಷ್ಟರಲ್ಲಿ ಸೊಪ್ಪು ಗೊಬ್ಬರಕ್ಕಾಗುತ್ತದೆ. ಗಾಣದಲ್ಲಿ ಉಳಿಯುವ 300 ಕೆ.ಜಿ. ಹಿಂಡಿಯನ್ನು ಅಡಿಕೆ ಬುಡಕ್ಕೆ ಹಾಕಿದರೆ ಅಂಗಡಿಯಿಂದ ತರುವ ಹಿಂಡಿಯ ಹಣ ಉಳಿಯಿತು. ನನಗೆ ತೋರುವಂತೆ ಲಾಭವಿರುವುದು ಎಣ್ಣೆಗಿಂತ ಈ ಹಿಂಡಿಯಲ್ಲಿಯೇ. ಕಾಫಿ ಪಂಪಿನ ದೊಡ್ಡ ಎಂಜಿನ್ನುಗಳಿಗೆ ಈ ಲೆಕ್ಕ ಹೊಂದಲಾರದು. ಅಲ್ಲಿ ಬೆರಕೆಗೆ ಮಾತ್ರ ಆದೀತು.

ಒಂದು ಎಚ್ಚರಿಕೆ. ಜೈವಿಕ ಡೀಸೆಲನ್ನು ಅಡಿಗೆಮನೆಯಲ್ಲಿ ಮಾಡಲು ಹೋಗಬೇಡಿ. ಮೆಥನಾಲ್ ಘೋರ ವಿಷ. ಹೊಟ್ಟೆಗೆ ಸ್ವಲ್ಪ ಹೋದರೂ ಕಣ್ಣು ಹೋಗುತ್ತದೆ, ಪ್ರಾಣವೂ ಹೋದೀತು. ಕಳ್ಳಭಟ್ಟಿ ದುರಂತಗಳಲ್ಲಿ ಜನರನ್ನು ಕೊಂದದ್ದು ಬಹುಮಟ್ಟಿಗೆ ಇದೇ. ಹಳೆಯ ಹೊಂಗೆ ಎಣ್ಣೆಯಲ್ಲಿ ಹುಳಿ ಹೆಚ್ಚಿದ್ದರೆ ಕ್ಷಾರ ಸೇರಿಸಿದೊಡನೆ ಸೋಪಾಗಿಬಿಡುತ್ತದೆ, ಅದನ್ನು ಮೊದಲು ಬೇರೆ ರೀತಿಯಲ್ಲಿ ಹದ ಮಾಡಬೇಕು. ಇದು ತರಬೇತಿ ಪಡೆದವರ ಕೈಯಲ್ಲಿ, ಸರಿಯಾದ ಘಟಕದಲ್ಲಿ ಆಗತಕ್ಕ ಕೆಲಸ.

ಪೆಟ್ರೋಲ್ ಯಂತ್ರವಿರುವವರಿಗೆ

ಕೊನೆಯದಾಗಿ, ಡೀಸೆಲಿನಲ್ಲಿ ಬೇಡವೆಂದರೂ ಮದ್ಯಸಾರ ಬೇರೊಂದು ಬಾಗಿಲಿನಿಂದ ನಮ್ಮ ತೋಟಕ್ಕೆ ಆಗಲೇ ಬಂದಿದೆ. ಕಳೆ ಕೊಚ್ಚುವ ಯಂತ್ರ, ಬೋರ್ಡೋ ಹೊಡೆಯುವ ಪೆಟ್ರೋಲ್ ಸ್ಪ್ರೇಯರ್, ಮರ ಕೊಯ್ಯುವ ಗರಗಸ ಇವೆಲ್ಲಕ್ಕೂ ಈಗ ಬಂಕಿನಿಂದ ತರುವುದು ಶೇಕಡ 20ರ ಬೆರಕೆಯೇ. ಶಕ್ತಿಯಲ್ಲಿ ಬರಿಯ ಪೆಟ್ರೋಲಿಗಿಂತ ಶೇಕಡ 6-7ರಷ್ಟು ಕಡಿಮೆ. ಅದು ದೊಡ್ಡ ಮಾತಲ್ಲ. ದೊಡ್ಡದು ಮಳೆಗಾಲದ ತೇವ. ಕೊಳೆರೋಗದ ಸಿಂಪಡಣೆ ಮುಗಿಸಿ ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಬಿಟ್ಟು ಮೂಲೆಗಿಟ್ಟ ಸ್ಪ್ರೇಯರನ್ನು ಮುಂದಿನ ಜೂನಿನಲ್ಲಿ ತೆಗೆದರೆ, ಮದ್ಯಸಾರ ನೀರನ್ನೆಳೆದುಕೊಂಡು ತಳದಲ್ಲಿ ಬೇರೆಯಾಗಿ ನಿಂತಿರುತ್ತದೆ. ಕಾರ್ಬ್ಯುರೇಟರಿನೊಳಗೆ ಬಿಳಿಯ ಕಿಟ್ಟ, ರಬ್ಬರ್ ಕೊಳವೆ ಮೆದುವಾಗಿ ಹರಿದಿರುತ್ತದೆ. ಎರಡು ಸ್ಟ್ರೋಕಿನ ಯಂತ್ರದಲ್ಲಿ ಆಯಿಲು ಪೆಟ್ರೋಲಿನ ಜೊತೆಯಲ್ಲಿಯೇ ಹೋಗಬೇಕಾದುದರಿಂದ, ತಳದ ನೀರು-ಮದ್ಯಸಾರ ಒಳಗೆ ಹೋದರೆ ಜಿಡ್ಡಿಲ್ಲದೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಆದುದರಿಂದ ಒಂದು ವಾರಕ್ಕಾಗುವಷ್ಟು ಪೆಟ್ರೋಲನ್ನು ಮಾತ್ರ ತರುವುದು, ಕ್ಯಾನಿನ ಮುಚ್ಚಳ ಬಿಗಿಯಾಗಿಡುವುದು, ಆಯಿಲ್ ಬೆರೆಸಿದ್ದನ್ನು ಉಳಿಸದಿರುವುದು ಉತ್ತಮ. ಹಂಗಾಮು ಮುಗಿದ ಕೂಡಲೇ ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಉರಿದು ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ, ಆಮೇಲೆ ಎತ್ತಿಡಿ. ಹಳೆಯ ಯಂತ್ರವಾದರೆ ರಬ್ಬರ್ ಕೊಳವೆಯನ್ನು, ಪಂಪಿನ ಪೊರೆಯನ್ನು ಎಥನಾಲ್ ತಡೆಯುವ ಬಗೆಯದಕ್ಕೆ ಬದಲಾಯಿಸಿಕೊಳ್ಳಿ; ಖರ್ಚು ಹೆಚ್ಚಿಲ್ಲ. ಹೊಂಗೆ ಸಸಿ ಬೇಕಾದವರು ಮಳೆ ಹಿಡಿಯುವುದಕ್ಕೆ ಮುಂಚೆ ಸಂಘದ ಕಛೇರಿಯಲ್ಲಿ ಸಂಖ್ಯೆಯನ್ನು ಬರೆಯಿಸಿದರೆ, ಎಲ್ಲರದನ್ನೂ ಕೂಡಿಸಿ ಒಂದೇ ಗಾಡಿಯಲ್ಲಿ ತರಿಸಲು ಅನುಕೂಲವಾಗುತ್ತದೆ.